ಕಿಕ್‌ಡೌನ್ ರಾಡ್ ಬರೀ ಕಿಕ್‌ಡೌನ್‌ಗಲ್ಲ

ಕಳೆದ ಸೆಮಿಸ್ಟರ್ ಸೆಮಿನಾರ್‌ನಲ್ಲಿ ನಾವು ನಾಲ್ಕು ಜನ ಹಳೇ ಅಮೆರಿಕನ್ ಕಾರುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಗ್ಗೆ ಮಾತಾಡಿದ್ವಿ. ಒಂದು ಸ್ಲೈಡ್‌ನಲ್ಲಿ, "ಕಿಕ್‌ಡೌನ್ ರಾಡ್ ಕಳಚಿದ್ರೂ ಕಾರು ಓಡುತ್ತೆ, ಓವರ್‌ಟೇಕ್ ಮಾಡುವಾಗ ಗೇರ್ ಇಳಿಯಲ್ಲ ಅಷ್ಟೇ" ಅಂತ ಹಾಕಿದ್ವಿ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸರ್ ಒಂದೇ ಪ್ರಶ್ನೆ ಕೇಳಿದ್ರು: "ಯಾವ ಗೇರ್‌ಬಾಕ್ಸ್‌ನಲ್ಲಿ?" ನಾಲ್ಕು ಜನರೂ ಸುಮ್ಮನೆ ನಿಂತ್ವಿ. ಆಮೇಲೆ ಸರಿಯಾಗಿ ಓದಿದಾಗ ಗೊತ್ತಾಯ್ತು, ನಮ್ಮ ಸ್ಲೈಡ್ ನಂಬಿ ಯಾರಾದ್ರೂ ಹಳೇ ಡಾಡ್ಜ್ ಡಾರ್ಟ್ ಓಡಿಸಿದ್ದರೆ ಅದರ ಗೇರ್‌ಬಾಕ್ಸ್ ಸುಟ್ಟು ಹೋಗ್ತಿತ್ತು. ಈ ಲೇಖನ ಆ ಸ್ಲೈಡಿನ ತಿದ್ದುಪಡಿ. (ಲಿಂಕೇಜ್‌ಗೆ ಒಳ್ಳೆ ಕನ್ನಡ ಪದ ಹುಡುಕಿದ್ವಿ, ಸಿಗಲಿಲ್ಲ. ಗ್ಯಾರೇಜಿನಲ್ಲಿ ಎಲ್ಲರೂ ಲಿಂಕೇಜ್ ಅಂತಲೇ ಅಂತಾರೆ, ನಾವೂ ಹಾಗೇ ಬರೀತೀವಿ.)

1970ರ ಸುಮಾರಿನ ಡಾರ್ಟ್ ಕಾರನ್ನೇ ತಗೊಳ್ಳೋಣ. ಅದರಲ್ಲಿ ಕ್ರೈಸ್ಲರ್ ಕಂಪನಿಯ ಟಾರ್ಕ್‌ಫ್ಲೈಟ್ ಎಂಬ ಮೂರು ಗೇರಿನ ಆಟೋಮ್ಯಾಟಿಕ್ ಇದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಯಾವಾಗ ಯಾವ ಗೇರ್ ಅನ್ನೋದನ್ನ ಎಣ್ಣೆಯ ಒತ್ತಡವೇ ತೀರ್ಮಾನಿಸುತ್ತೆ. ಗೇರ್‌ಬಾಕ್ಸಿನ ಎಡಗಡೆ, ಒಂದೇ ಅಕ್ಷದ ಮೇಲೆ ಎರಡು ಲಿವರ್ ಇರುತ್ತವೆ. ಒಂದಕ್ಕೆ ಡ್ರೈವರ್ ಕೈಯಲ್ಲಿರೋ ಗೇರ್ ಲಿವರಿನಿಂದ ರಾಡ್ ಬರುತ್ತೆ, ಇನ್ನೊಂದಕ್ಕೆ ಕಾರ್ಬ್ಯುರೇಟರ್‌ನಿಂದ. ಹೊರಗಿನಿಂದ ಗೇರ್‌ಬಾಕ್ಸಿಗೆ ಸಿಗುವ ಸುದ್ದಿ ಈ ಎರಡೇ ದಾರಿಯಲ್ಲಿ.

ಮೊದಲನೆಯದು ಸುಲಭ. ಲಿವರ್ ಎಳೆದರೆ ಒಳಗಿನ ಮ್ಯಾನುಯಲ್ ವಾಲ್ವ್ ಸರಿದು, ಎಣ್ಣೆ ಯಾವ ಕಡೆ ಹೋಗಬೇಕೋ ಆ ದಾರಿ ತೆರೆಯುತ್ತೆ. ಪಿ, ಆರ್, ಎನ್, ಡಿ, 2, 1 ಪ್ರತಿಯೊಂದಕ್ಕೂ ಗೇರ್‌ಬಾಕ್ಸಿನ ಒಳಗೇ ಒಂದೊಂದು ಹಲ್ಲು ಇದೆ, 'ಟಕ್' ಅಂತ ಕೂರುತ್ತೆ. ಸ್ಟೀರಿಂಗ್ ಹತ್ತಿರದ ಮುಳ್ಳು ಡಿ ತೋರಿಸಿದ ಮಾತ್ರಕ್ಕೆ ಒಳಗಿನ ವಾಲ್ವ್ ಡಿಯಲ್ಲಿದೆ ಅಂತಲ್ಲ. ರಾಡಿನ ಉದ್ದ ಸ್ವಲ್ಪ ತಪ್ಪಿದ್ರೆ ವಾಲ್ವ್ ಅರ್ಧ ದಾರಿಯಲ್ಲಿ ನಿಲ್ಲುತ್ತೆ, ಕ್ಲಚ್ಚಿಗೆ ಎಣ್ಣೆ ಪೂರ್ತಿ ಹೋಗಲ್ಲ, ಕ್ಲಚ್ ಜಾರುತ್ತೆ.

ಅದಕ್ಕೇ ಅಡ್ಜಸ್ಟ್ ಮಾಡುವಾಗ ಯಾವಾಗಲೂ ಗೇರ್‌ಬಾಕ್ಸ್ ಹೇಳಿದ್ದೇ ಸರಿ, ಲಿವರ್ ಅದಕ್ಕೆ ಹೊಂದಿಕೊಳ್ಳಬೇಕು. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು (ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ನುಗ್ಗಲೇಬೇಡಿ, ಸ್ಟ್ಯಾಂಡ್ ಕೊಡಿ) ರಾಡಿನ ಕ್ಲ್ಯಾಂಪ್ ಸಡಿಲ ಮಾಡಬೇಕು. ಡಾರ್ಟ್‌ನಲ್ಲಿ ಗೇರ್ ಲಿವರನ್ನ ಪಿಯಲ್ಲಿ ಇಟ್ಟು, ಕೆಳಗೆ ಗೇರ್‌ಬಾಕ್ಸಿನ ಲಿವರನ್ನ ಪೂರ್ತಿ ಹಿಂದಕ್ಕೆ, ಪಿ ಹಲ್ಲಿಗೆ ಕೂರಿಸಿ, ಎರಡೂ ಅಲ್ಲಾಡದ ಹಾಗೆ ಕ್ಲ್ಯಾಂಪ್ ಬಿಗಿ ಮಾಡೋದು. ಫೋರ್ಡ್ ಕಾರುಗಳಲ್ಲಿ ಇದೇ ಕೆಲಸ ಡಿಯಲ್ಲಿ ಇಟ್ಟು ಮಾಡ್ತಾರೆ.

ಆದ್ರೆ ಅದಕ್ಕೂ ಮೊದಲು ಬುಷ್ ನೋಡಿ. ರಾಡಿನ ತುದಿಗಳಲ್ಲಿರೋ ರಬ್ಬರ್ ಅಥವಾ ನೈಲಾನ್ ಬುಷ್ ಸವೆದು ಪ್ಲೇ ಬಂದಿದ್ರೆ ಎಷ್ಟು ಅಡ್ಜಸ್ಟ್ ಮಾಡಿದ್ರೂ ವಾರದಲ್ಲಿ ಅದೇ ಕಥೆ. ಇದು ನಮಗೆ ಅರ್ಥವಾಗಿದ್ದು ಗೆಳೆಯನ ತಾತನ ಅಂಬಾಸಡರ್ ನೋಡಿ. ಅದು ಮ್ಯಾನುಯಲ್ ಗೇರ್, ನಿಜ. ಆದ್ರೂ ಲಿವರ್ ಸ್ಟೀರಿಂಗ್ ಪಕ್ಕದಲ್ಲೇ, ಅಲ್ಲಿಂದ ಕೆಳಗೆ ರಾಡುಗಳೇ. ತಾತ ಲಿವರ್ ಅಲ್ಲಾಡಿಸಿ ತೋರಿಸಿದ್ರು, "ನೋಡ್ರೋ, ಕೈ ಇಷ್ಟು ಹೋದಮೇಲೆ ಗೇರಿಗೆ ಗೊತ್ತಾಗೋದು."

ಈಗ ನಾವು ತಪ್ಪು ಮಾಡಿದ ಎರಡನೇ ರಾಡ್. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀವಿ ಅನ್ನೋದನ್ನ ಇದು ಗೇರ್‌ಬಾಕ್ಸಿಗೆ ತಿಳಿಸುತ್ತೆ. ಜನ ಕಿಕ್‌ಡೌನ್ ರಾಡ್ ಅಂತ ಕರೀತಾರೆ, ಅಲ್ಲೇ ಮೋಸ ಹೋಗೋದು. ಟಾರ್ಕ್‌ಫ್ಲೈಟ್‌ನಲ್ಲಿ ಇದು ಥ್ರಾಟಲ್ ವಾಲ್ವನ್ನ ತಳ್ಳುತ್ತೆ, ಆ ವಾಲ್ವ್ ಎಣ್ಣೆಯ ಒತ್ತಡ ಏರಿಸುತ್ತೆ, ಆ ಒತ್ತಡವೇ ಕ್ಲಚ್ ಪ್ಲೇಟುಗಳನ್ನ ಗಟ್ಟಿಯಾಗಿ ಹಿಡಿಯೋದು. ರಾಡ್ ಇಲ್ಲ ಅಂದ್ರೆ ಎಂಜಿನ್ ಪೂರ್ತಿ ಶಕ್ತಿ ಕೊಡ್ತಿದ್ರೂ ಗೇರ್‌ಬಾಕ್ಸ್ ಮಾತ್ರ ಪೆಡಲ್ ಮುಟ್ಟೇ ಇಲ್ಲ ಅಂದ್ಕೊಂಡಿರುತ್ತೆ. ಹಿಡಿತ ಸಾಲದೆ ಪ್ಲೇಟು ಜಾರಿ, ಬಿಸಿಯಾಗಿ, ಸುಡುತ್ತೆ. ಇನ್ನೂ ಮೋಸ ಏನಂದ್ರೆ, ಆಗ ಗೇರ್ ಬೇಗ ಬೇಗ, ತುಂಬಾ ಮೆತ್ತಗೆ ಬೀಳುತ್ತೆ. ಓಡಿಸೋರಿಗೆ "ಆಹಾ, ಎಷ್ಟು ಸ್ಮೂತ್!" ಅನ್ಸುತ್ತೆ. ರಾಡ್ ಅತಿಯಾಗಿ ತಳ್ಳುತ್ತಿದ್ರೆ ಉಲ್ಟಾ: ಗೇರ್ ತಡವಾಗಿ, ಒದ್ದ ಹಾಗೆ ಬೀಳುತ್ತೆ. ಎರಡರಲ್ಲಿ ಒಂದು ತಪ್ಪು ಆರಿಸು ಅಂದ್ರೆ ನಾವು ಒದೆಯೋದನ್ನೇ ಆರಿಸ್ತೀವಿ.

ಫೋರ್ಡಿನ ಸಿ4 ಗೇರ್‌ಬಾಕ್ಸ್‌ನಲ್ಲಿ (1964ರಲ್ಲಿ ಬಂದದ್ದು, ಹಳೇ ಮಸ್ಟಾಂಗ್‌ಗಳಲ್ಲಿ ಇರುತ್ತೆ) ಒತ್ತಡದ ಕೆಲಸ ಎಂಜಿನ್ನಿನ ವ್ಯಾಕ್ಯೂಮ್‌ನಿಂದ ನಡೆಯುತ್ತೆ, ಅದಕ್ಕೆ ಬೇರೆ ಮಾಡ್ಯುಲೇಟರ್ ಇದೆ. ಅಲ್ಲಿ ರಾಡಿನ ಕೆಲಸ ನಿಜವಾಗಿಯೂ ಕಿಕ್‌ಡೌನ್ ಮಾತ್ರ. ನಮ್ಮ ಸ್ಲೈಡ್ ಸಿ4ಗೆ ಸರಿ, ಟಾರ್ಕ್‌ಫ್ಲೈಟ್‌ಗೆ ತಪ್ಪು. ಸರ್ ಪ್ರಶ್ನೆ ಅಷ್ಟೇ ಆಗಿತ್ತು!

ಡಾರ್ಟ್‌ನಲ್ಲಿ ಈ ರಾಡ್ ಹೊಂದಿಸುವಾಗ ಎಂಜಿನ್ ಬಿಸಿ ಮಾಡಿ, ಚೋಕ್ ಪೂರ್ತಿ ಬಿಟ್ಟಿರಬೇಕು. ಇಲ್ಲದಿದ್ರೆ ಕಾರ್ಬ್ಯುರೇಟರ್ ಸ್ವಲ್ಪ ತೆರೆದೇ ನಿಂತು ಅಳತೆ ಕೆಡುತ್ತೆ. ಆಮೇಲೆ ಎಂಜಿನ್ ಆಫ್ ಮಾಡಿ. ಪೆಡಲ್ ಬಿಟ್ಟಾಗ ಗೇರ್‌ಬಾಕ್ಸಿನ ಥ್ರಾಟಲ್ ಲಿವರ್ ಮುಂದಿನ ಸ್ಟಾಪಿಗೆ ತಾಗಿರಬೇಕು. ಒಬ್ಬರು ಒಳಗೆ ಕೂತು ಪೆಡಲ್ ಪೂರ್ತಿ ಒತ್ತಿದಾಗ ಅದು ಹಿಂದಿನ ತುದಿವರೆಗೂ ಹೋಗಬೇಕು, ಬಿಟ್ಟರೆ ಸ್ಪ್ರಿಂಗ್ ಅದನ್ನ ವಾಪಸ್ ತರಬೇಕು. ಬೇರೆ ಕಾರ್ಬ್ಯುರೇಟರ್ ಹಾಕಿಸಿದ ಕಾರುಗಳಲ್ಲಿ ಇದನ್ನ ಇನ್ನೂ ಹುಷಾರಾಗಿ ನೋಡಬೇಕು. ಹೊಸ ಕಾರ್ಬ್ಯುರೇಟರ್‌ನ ಲಿವರ್ ಉದ್ದ ಬೇರೆಯಾದ್ರೆ ಎರಡು ತುದಿಯೂ ಒಟ್ಟಿಗೆ ಹೊಂದಲ್ಲ. ಹಾಗೇ ಎಣ್ಣೆ ಕಮ್ಮಿ ಇದ್ರೂ ಕ್ಲಚ್ ಜಾರುತ್ತೆ, ಆದ್ದರಿಂದ ರಾಡ್ ಮುಟ್ಟೋ ಮುಂಚೆ ಎಂಜಿನ್ ಓಡ್ತಿರುವಾಗ, ನ್ಯೂಟ್ರಲ್‌ನಲ್ಲಿ ಎಣ್ಣೆ ಚೆಕ್ ಮಾಡಿ.

ಗೇರ್‌ಬಾಕ್ಸ್ ಸುಟ್ಟರೆ ದುಡ್ಡು ಹೋಗುತ್ತೆ. ಪಾರ್ಕ್ ತಪ್ಪಿದ್ರೆ ಜೀವ. ಪಿ ಅಂತ ನಂಬಿ ಡ್ರೈವರ್ ಇಳಿದಮೇಲೆ ಕಾರು ತಾನಾಗೇ ರಿವರ್ಸ್‌ಗೆ ಹೋಗುತ್ತೆ ಅಂತ ಫೋರ್ಡ್ ಕಾರುಗಳ ಮೇಲೆ ಅಮೆರಿಕದಲ್ಲಿ ದೂರು ಬಂದು, ಕೊನೆಗೆ 1980ರ ಒಪ್ಪಂದದಂತೆ ಕಂಪನಿ ಸುಮಾರು 2.3 ಕೋಟಿ ವಾಹನಗಳ ಮಾಲೀಕರಿಗೆ ಎಚ್ಚರಿಕೆಯ ಸ್ಟಿಕರ್ ಕಳಿಸಬೇಕಾಯ್ತು. ಅದು ಬರೀ ರಾಡ್ ಅಡ್ಜಸ್ಟ್‌ಮೆಂಟಿನ ವಿಷಯ ಅಲ್ಲ, ಆದ್ರೂ 'ಮುಳ್ಳು ಪಿ ತೋರಿಸ್ತಿದೆ' ಅನ್ನೋದಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಗೊತ್ತಾಗುತ್ತೆ.

ಅದಕ್ಕೆ ಕೆಲಸ ಮುಗಿದಮೇಲೆ ಕಾಲು ಬ್ರೇಕಿನ ಮೇಲಿಟ್ಟು ಪರೀಕ್ಷೆ ಮಾಡಿ. ಸ್ಟಾರ್ಟರ್ ಪಿ ಮತ್ತು ಎನ್‌ನಲ್ಲಿ ಮಾತ್ರ ತಿರುಗಬೇಕು, ಬೇರೆ ಎಲ್ಲೂ ಅಲ್ಲ. ತಿರುಗಿದ್ರೆ ಸ್ವಿಚ್ ಕಡೆ ಕೈ ಹಾಕಬೇಡಿ, ಮತ್ತೆ ಕಾರಿನ ಕೆಳಗೆ ಹೋಗಿ ರಾಡ್ ನೋಡಿ.