ಮುತ್ಯಾನ ಹಗಲು ನಿದ್ದೆ ಮತ್ತು ನಮ್ಮ ಸಿಗ್ನಲ್ಸ್ ಪಾಠ

ನಾವು ಮೂವರು ಹಾಸ್ಟೆಲ್‌ನಲ್ಲಿ ಒಂದೇ ರೂಮ್. ಊರು ಆಳಂದ, ಅಫಜಲಪುರ, ಜೇವರ್ಗಿ. ಮೂರೂ ಕಲಬುರಗಿ ಜಿಲ್ಲೆಯ ತಾಲೂಕುಗಳೇ. ಕಳೆದ ರಜೆಗೆ ಮೂವರೂ ಜೇವರ್ಗಿ ಹತ್ತಿರದ ಹಳ್ಳಿಗೆ ಹೋಗಿದ್ವಿ. ಅಲ್ಲಿ ನಮ್ಮಲ್ಲೊಬ್ಬನ ಮುತ್ಯಾಗೆ ಹಿಂದಿನ ವರ್ಷ ಲಕ್ವಾ ಹೊಡೆದಿತ್ತು. ಕೈ ಸ್ವಲ್ಪ ಸುಧಾರಿಸಿದೆ, ಮಾತೂ ಬಂದಿದೆ. ಆದ್ರೆ ಊಟಕ್ಕೆ ಕೂತಲ್ಲೇ ತೂಕಡಿಕೆ. "ಎಷ್ಟ್ ಮಕ್ಕೋತಿ ಮುತ್ಯಾ, ಏಳು, ನಾಕ್ ಹೆಜ್ಜಿ ನಡಿ" ಅಂತ ಮನೆಯವರು ರೇಗ್ತಿದ್ರು. ನಾವೂ ರೇಗಿದ್ವಿ. ಅವರು ಏನೂ ಅನ್ನದೆ ಗೋಡೆ ಕಡೆ ತಿರುಗಿ ಮಲಗಿದ್ರು.

ವಾಪಸ್ ಬಂದು ಓದಿದಾಗ ಗೊತ್ತಾಯ್ತು, ಅದು ಸೋಮಾರಿತನ ಅಲ್ಲ ಅಂತ. ಓದಿದ್ದನ್ನ ಇಲ್ಲಿ ಬರೆದಿದ್ದೀವಿ.

ಲಕ್ವಾ ಅಂದ್ರೆ

ಮಿದುಳು ದೇಹದ ತೂಕದಲ್ಲಿ ಸುಮಾರು 2% ಮಾತ್ರ, ಆದರೆ ಆಮ್ಲಜನಕದಲ್ಲಿ ಸುಮಾರು 20% ಅದಕ್ಕೇ ಬೇಕು. ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗಕ್ಕೆ ಸಪ್ಲೈ ನಿಲ್ಲುತ್ತೆ. ಇದೇ ಪಾರ್ಶ್ವವಾಯು. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಚಿಕಿತ್ಸೆ ಇಲ್ಲದೆ ಹೋದ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅನ್ನೋ ಅಂದಾಜಿದೆ.

ಇಇಜಿ ಏನು ಹೇಳುತ್ತೆ

1924ರಲ್ಲಿ ಜರ್ಮನಿಯ ಹ್ಯಾನ್ಸ್ ಬರ್ಗರ್ ಮೊದಲ ಸಲ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ತಲೆಯ ಮೇಲೆ ಸಿಗುವ ವೋಲ್ಟೇಜ್ ಕೆಲವು ಹತ್ತು ಮೈಕ್ರೋವೋಲ್ಟ್ ಅಷ್ಟೇ. ಎಚ್ಚರವಾಗಿ ಕಣ್ಣು ಮುಚ್ಚಿ ಕೂತರೆ 8ರಿಂದ 13 ಹರ್ಟ್ಜ್‌ನ ಆಲ್ಫಾ. ಗಾಢ ನಿದ್ದೆಯಲ್ಲಿ 4 ಹರ್ಟ್ಜ್‌ಗಿಂತ ಕಡಿಮೆಯ ದೊಡ್ಡ ಡೆಲ್ಟಾ ಅಲೆಗಳು. ಆಗ ನರಕೋಶಗಳೆಲ್ಲ ಒಟ್ಟಿಗೆ ಕ್ಷಣಕಾಲ ಆಫ್, ಮತ್ತೆ ಒಟ್ಟಿಗೆ ಆನ್.

ಲಕ್ವಾ ಆದವರಲ್ಲಿ ಈ ಲೆಕ್ಕ ತಪ್ಪುತ್ತೆ. ಪೆಟ್ಟು ಬಿದ್ದ ಜಾಗದ ಸುತ್ತಮುತ್ತ ಹಗಲು, ಎಚ್ಚರ ಇರುವಾಗಲೇ ನಿಧಾನ ಅಲೆಗಳು ಕಾಣಿಸುತ್ತವೆ. ಅಂದ್ರೆ ಮನುಷ್ಯ ಕಣ್ಣು ಬಿಟ್ಟು ಮಾತಾಡ್ತಿದ್ರೂ ಮಿದುಳಿನ ಒಂದು ಮೂಲೆ ಅರೆನಿದ್ದೆಯಲ್ಲಿ ಇದ್ದ ಹಾಗೆ. ನಮ್ಮ ಎಫ್‌ಎಫ್‌ಟಿ ಹಾಕಿ ನೋಡಿದರೆ ಆ ಬದಿಯ ಸ್ಪೆಕ್ಟ್ರಮ್ ಕಡಿಮೆ ಫ್ರೀಕ್ವೆನ್ಸಿ ಕಡೆ ವಾಲಿರುತ್ತೆ.

ರಾತ್ರಿ ಉಲ್ಟಾ ತೊಂದರೆ. ನಿದ್ದೆ ಮತ್ತೆ ಮತ್ತೆ ಮುರಿಯುತ್ತೆ. 11ರಿಂದ 16 ಹರ್ಟ್ಜ್‌ನಲ್ಲಿ ಅರ್ಧದಿಂದ ಎರಡು ಸೆಕೆಂಡ್ ಬಂದು ಹೋಗುವ 'ಸ್ಲೀಪ್ ಸ್ಪಿಂಡಲ್'ಗಳು ಪೆಟ್ಟಾದ ಬದಿಯಲ್ಲಿ ಕಡಿಮೆಯಾಗಬಹುದು. ಇವು ಹುಟ್ಟೋದು ಥಾಲಮಸ್‌ನಲ್ಲಿ, ಕಲಿಕೆಗೂ ನೆನಪಿಗೂ ಬೇಕಾದವು. ಮತ್ತೆ ನಡೆಯೋದನ್ನ ಕಲಿಯೋದೂ ಕಲಿಕೆಯೇ ಅಲ್ವಾ?

ಹಗಲು ಮಂಪರು ಯಾಕೆ

ಒಂದು, ಎಚ್ಚರ ಇಡುವ ಸರ್ಕ್ಯೂಟ್‌ಗೇ ಪೆಟ್ಟಾಗಿರಬಹುದು. ಇದು ಮಿದುಳುಕಾಂಡದಿಂದ ಥಾಲಮಸ್ ಮೂಲಕ ಮೇಲೆ ಹೋಗುತ್ತೆ. ಥಾಲಮಸ್‌ನ ನಡುಭಾಗಕ್ಕೆ ಪೆಟ್ಟಾದವರು ದಿನದ ಬಹುಪಾಲು ನಿದ್ದೆಯಲ್ಲೇ ಕಳೆಯಬಹುದು.

ಎರಡು, ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಉಸಿರು ಹತ್ತು ಸೆಕೆಂಡ್ ಅಥವಾ ಹೆಚ್ಚು ಹೊತ್ತು ನಿಲ್ಲುತ್ತೆ, ಆಮ್ಲಜನಕ ಇಳಿಯುತ್ತೆ, ಮಿದುಳು ಗಾಬರಿಯಿಂದ ಎಚ್ಚರವಾಗುತ್ತೆ. ಲಕ್ವಾ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದು ಇರುತ್ತೆ. ಚಿಕಿತ್ಸೆ ಇಲ್ಲದಿದ್ದರೆ ಬಿಪಿ ಏರುತ್ತೆ, ಎರಡನೇ ಸಲ ಹೊಡೆಯುವ ಅಪಾಯವೂ ಇದೆ.

ಮೂರು, ಖಿನ್ನತೆ ಮತ್ತು ಕೆಲವು ಮಾತ್ರೆಗಳು.

ನಾವು ಮಾಡಬಹುದಾದದ್ದು

ಆ ರಾತ್ರಿ ಫೋನ್ ಮಾಡಿ ಆಯಿಗೆ ಕೇಳಿದ್ವಿ, "ಮುತ್ಯಾ ಗೊರಕಿ ಹೊಡಿತಾನೇನು?" ಆಯಿ ಅಂದರು, "ಹೂಂ ಯಪ್ಪಾ, ನಡುನಡುವ ಉಸುರ ನಿಂತಂಗ ಆಗ್ತದ. ನಾ ಅಲುಗಾಡಿಸಿ ಎಬ್ಬಸ್ತೀನಿ." ಒಂದು ವರ್ಷದಿಂದ ಆಯಿಗೆ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ.

ನಿಮ್ಮ ಮನೆಯಲ್ಲೂ ಲಕ್ವಾ ಆದವರಿದ್ದರೆ ರಾತ್ರಿ ಹತ್ತು ನಿಮಿಷ ಅವರ ಉಸಿರು ಕೇಳಿಸಿಕೊಳ್ಳಿ. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಡಾಕ್ಟರ್‌ಗೆ ಕೇಳಿಸಿ. ಹಗಲು ಎಷ್ಟು ಹೊತ್ತಿಗೆ ಮಂಪರು ಅಂತ ಬರೆದಿಡಿ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ.

ಹೊಸದಾಗಿ ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದೂ ಸಿಟಿ ಸ್ಕ್ಯಾನ್ ಆದ ಮೇಲೆ. ನಮ್ಮ ಮೂರೂ ತಾಲೂಕಿನಿಂದ ಕಲಬುರಗಿ ಮುಟ್ಟೋದಕ್ಕೇ ಒಂದು ಗಂಟೆ ಹಿಡಿಯುತ್ತೆ. ಎಣ್ಣೆ ತಿಕ್ಕಿ ಬೆಳಗ್ಗೆವರೆಗೆ ಕಾಯೋಣ ಅನ್ನೋದಕ್ಕೆ ಅಲ್ಲಿ ಜಾಗವೇ ಇಲ್ಲ.

ಮುತ್ಯಾನ ನಿದ್ದೆ ಪರೀಕ್ಷೆ ಇನ್ನೂ ಆಗಬೇಕು. ಸದ್ಯಕ್ಕೆ ಮನೆಯಲ್ಲಿ ಅವರಿಗೆ ಯಾರೂ ರೇಗ್ತಿಲ್ಲ. ಮೊನ್ನೆ ಫೋನ್‌ನಲ್ಲಿ ಅವರೇ ಕೇಳಿದ್ರು, "ಮತ್ತ ಯಾವಾಗ ಬರ್ತೀರಪ್ಪಾ ಮೂವರೂ?"