ನಮ್ಮ ಬೋರೆಯ ಗೋಮಾಳ

ಮಂಡ್ಯವೆಂದೊಡನೆ ಕಬ್ಬು, ಭತ್ತ, ತುಂಬಿ ಹರಿಯುವ ವಿಶ್ವೇಶ್ವರಯ್ಯ ನಾಲೆ, ಇವೇ ವಾಚಕರ ಕಣ್ಣಿಗೆ ಕಟ್ಟುವುವು. ಕೃಷ್ಣರಾಜಸಾಗರದಿಂದ ಹೊರಟ ಈ ನಾಲೆ ಹುಲಿಕೆರೆಯ ಬಳಿ ಸುರಂಗದಲ್ಲಿ ದಿಣ್ಣೆಯನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಬಂದರೂ, ತನ್ನ ಮಟ್ಟಕ್ಕಿಂತ ಮೇಲಿರುವ ನೆಲವನ್ನು ತಾನಾಗಿ ಹತ್ತಲಾರದು. ಹೀಗೆ ನೀರಿಗೆ ಎಟುಕದೆ ಉಳಿದ ಎತ್ತರದ ನೆಲವನ್ನು ನಮ್ಮ ಕಡೆ ಬೋರೆ ಎನ್ನುತ್ತಾರೆ. ಊರ ದನಕರುಗಳ ಮೇವಿಗೆಂದು ಬಿಟ್ಟ ಗೋಮಾಳಗಳು ಬಹುಮಟ್ಟಿಗೆ ಇರುವುದು ಇಂತಹ ಬೋರೆಗಳ ಮೇಲೆ. ಮಳವಳ್ಳಿ ತಾಲ್ಲೂಕಿನ ನಮ್ಮೂರಿನದೂ ಹಾಗೆಯೇ.

ಇಲ್ಲಿಯ ತಳಗಲ್ಲು 250 ಕೋಟಿ ವರ್ಷಗಳಿಗೂ ಹಳೆಯದಾದ ನೈಸ್ ಶಿಲೆ. ಬಿಸಿಲು, ಮಳೆ, ಚಳಿಗಳಿಗೆ ಬಂಡೆಯ ಮೈ ಈರುಳ್ಳಿಯ ಪದರಿನಂತೆ ಏಳುತ್ತದೆ. ಅದು ಪುಡಿಯಾಗಿ ಆದದ್ದೇ ಈ ಕೆಂಪು ಮರಳುಮಣ್ಣು. ಬೋರೆಯ ನೆತ್ತಿಯಲ್ಲಿ ಅದು ಗೇಣುದ್ದವೂ ಇಲ್ಲ. ಮಳೆಯಾದರೋ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಇಷ್ಟರಲ್ಲಿ ದೊಡ್ಡ ಮರ ಏಳುವುದು ಕಷ್ಟ, ಹುಲ್ಲಿಗೆ ಸಾಕು. ಅಂಚಿನಲ್ಲಿ ತಂಗಡಿ, ಕಾರೆ, ಎಲಚಿಯ ಪೊದೆಗಳು, ಅವುಗಳಲ್ಲಿ ಗೌಜಲಹಕ್ಕಿ. ಲಂಟಾನವೊಂದು ಹೊರನಾಡಿನ ಗಿಡ, ದನ ಮೂಸಿಯೂ ನೋಡದು. ಅದು ಹಬ್ಬಿದೆಡೆ ಹುಲ್ಲು ಹೋಯಿತೆಂದೇ ತಿಳಿಯಬೇಕು.

ಹೆಸರಾದ ಬಂಡೂರು ಕುರಿ ಬೆಳೆದು ಬಂದದ್ದು ಈ ಸೀಮೆಯ ಹುಲ್ಲಿನ ಮೇಲೆಯೇ. ಬಂಡೂರು ನಮ್ಮ ತಾಲ್ಲೂಕಿನದೇ ಊರು. ಗಿಡ್ಡ ಕಾಲು, ತುಂಬಿದ ತೊಡೆ, ಬಿಳಿಯ ಮೈ, ಮುಖ ಕತ್ತುಗಳ ಮೇಲೆ ಕಂದು ಬಣ್ಣ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಗೆ ಬಂದವನು ನಾನೇ ಮೊದಲಿಗ. ಮೂರು ವರ್ಷದ ಫೀಸನ್ನೂ ನಮ್ಮ ತಂದೆಯವರು ಕುರಿ ಮಾರಿಯೇ ಕಟ್ಟಿದರು. ಆದುದರಿಂದ ಈ ನೆಲವನ್ನು ಯಾರಾದರೂ ಬೀಳು ಎಂದರೆ ನನಗೆ ಒಪ್ಪಿಗೆಯಾಗದು.

ಬೋರೆಯ ಮೇಲೆ ಬಿದ್ದ ಮಳೆ ಹುಲ್ಲಿನ ಬುಡದಲ್ಲಿ ತಡೆದು ತಡೆದು ಇಳಿದು ಕೆಳಗಿನ ಕೆರೆಯನ್ನು ಸೇರುತ್ತದೆ. ಹುಲ್ಲು ಕಿತ್ತರೆ ನೀರಿನೊಡನೆ ಮಣ್ಣೂ ಬಂದು ಕೆರೆಯಲ್ಲಿ ಹೂಳು ತುಂಬುವುದು. ತಗ್ಗಿನ ಗದ್ದೆಯವರು ಇದನ್ನು ಅಷ್ಟಾಗಿ ಯೋಚಿಸುವುದಿಲ್ಲ.

1966ರ ಭೂಕಂದಾಯ ನಿಯಮಗಳ ಪ್ರಕಾರ 100 ರಾಸುಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಗೋಮಾಳವಿರಬೇಕು. ನಮ್ಮೂರ ಬೋರೆಯ ಒಂದು ಬದಿಯಲ್ಲಿ ಕಲ್ಲು ಒಡೆಯುತ್ತಾರೆ. ಇನ್ನೊಂದು ಬದಿ ಸಾಗುವಳಿಯಾಗಿದೆ. ಉತ್ತವರು ತುಂಡು ನೆಲವೂ ಇಲ್ಲದವರು, ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಮೂರು ನಾಲ್ಕು ವರ್ಷ ಹುರುಳಿ ಬಂತು, ಆಮೇಲೆ ಮಣ್ಣು ತೊಳೆದುಹೋಗಿ ಬಂಡೆ ಮೇಲೆದ್ದಿತು. ಈಗ ಅಲ್ಲಿ ಹುರುಳಿಯೂ ಇಲ್ಲ, ಹುಲ್ಲೂ ಇಲ್ಲ. ಈ ಬೇಸಗೆಯಲ್ಲಿ ನಮ್ಮೂರವರು ಕುರಿಗಳನ್ನು ನಾಲೆಯ ಏರಿಯ ಮೇಲೆ ಮೇಯಿಸುತ್ತಿದ್ದಾರೆ.