ಮೂವರು ಮಕ್ಕಳಿಗೆ ಒಂದೇ ವಿಜ್ಞಾನ ಪಾಠ

ಒಂದು ಮನೆಯಲ್ಲಿ ಐದು, ಒಂಬತ್ತು, ಹದಿಮೂರು ವರ್ಷದ ಮೂವರು ಮಕ್ಕಳಿದ್ದಾರೆ ಎಂದುಕೊಳ್ಳೋಣ. ತಾಯಿ ಅವರಿಗೆ ಮನೆಯಲ್ಲೇ ಪಾಠ ಹೇಳುತ್ತಾರೆ. ದೊಡ್ಡವನಿಗೆ ಪರಮಾಣು, ನಡುವಿನವಳಿಗೆ ಮಳೆ, ಚಿಕ್ಕವನಿಗೆ ಎಲೆಗಳ ಬಣ್ಣ. ಒಬ್ಬರಿಗೆ ಹೇಳುವಾಗ ಉಳಿದಿಬ್ಬರು ಜಗಳಕ್ಕೆ ನಿಲ್ಲುತ್ತಾರೆ. ತಿಂಗಳೊಳಗೆ ತಾಯಿ ಸೋತುಹೋಗುತ್ತಾರೆ. ಗಣಿತ, ಭಾಷೆಗಳನ್ನು ಹೇಗೋ ಉಳಿಸಿಕೊಂಡು ವಿಜ್ಞಾನವನ್ನು ಕೈಬಿಡುತ್ತಾರೆ.

ನಮ್ಮಲ್ಲಿ ಪೂರ್ತಿಯಾಗಿ ಮನೆಯಲ್ಲೇ ಕಲಿಸುವ ಕುಟುಂಬಗಳು ಕಡಿಮೆ. ಆದರೆ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಏನಾದರೂ ಕಲಿಸಬೇಕೆನ್ನುವ ಎಲ್ಲ ತಂದೆತಾಯಂದಿರಿಗೂ ಈ ಕಷ್ಟ ಗೊತ್ತು. ಇದಕ್ಕೊಂದು ಸರಳ ದಾರಿ ಇದೆ. ಮೂರು ಪಾಠ ಬೇಡ, ಪಾಠ ಒಂದೇ ಇರಲಿ. ಆಳ ಮಾತ್ರ ವಯಸ್ಸಿಗೆ ತಕ್ಕಂತೆ ಬೇರೆಯಾಗಲಿ.

ಒಂದು ಹಿಡಿ ಹೆಸರುಕಾಳು

ಉದಾಹರಣೆಗೆ ಹೆಸರುಕಾಳನ್ನೇ ತೆಗೆದುಕೊಳ್ಳಿ. ರಾತ್ರಿ ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ.

ಐದರ ಮಗು ನೋಡಲಿ, ಮುಟ್ಟಲಿ, ಚಿತ್ರ ಬರೆಯಲಿ. ಮೊದಲು ಹೊರಬಂದದ್ದು ಬೇರೋ ಎಲೆಯೋ? ಇಷ್ಟು ಕಂಡುಕೊಂಡರೆ ಅದರ ಪಾಠ ಮುಗಿಯಿತು.

ಒಂಬತ್ತರ ಮಗು ಮೊಳಕೆಗಳನ್ನು ಮೂರು ಲೋಟಗಳಲ್ಲಿ ಹತ್ತಿಯ ಮೇಲೆ ಇಡಲಿ. ಒಂದಕ್ಕೆ ನೀರೂ ಬೆಳಕೂ ಇರಲಿ. ಎರಡನೆಯದಕ್ಕೆ ನೀರು ಮಾತ್ರ, ಕಪಾಟಿನ ಕತ್ತಲಲ್ಲಿ. ಮೂರನೆಯದಕ್ಕೆ ಬೆಳಕು ಮಾತ್ರ, ನೀರಿಲ್ಲ. ಯಾವುದು ಹೆಚ್ಚು ಉದ್ದ ಬೆಳೆಯುತ್ತದೆಂದು ಮೊದಲೇ ಊಹಿಸಿ ಬರೆದಿಡಲಿ. ಆಮೇಲೆ ದಿನವೂ ಸ್ಕೇಲಿನಿಂದ ಅಳೆಯಲಿ. ಕತ್ತಲಲ್ಲಿಟ್ಟ ಸಸಿಯೇ ಉದ್ದವಾಗಿ, ಹಳದಿಯಾಗಿ, ಸೊರಗಿ ನಿಂತಿರುವುದನ್ನು ಕಂಡು ಅದು ಬೆರಗಾಗುತ್ತದೆ. ಊಹೆ ತಪ್ಪಾದಾಗ ಗದರಬೇಡಿ. ವಿಜ್ಞಾನ ಆರಂಭವಾಗುವುದೇ ಅಲ್ಲಿ.

ಹದಿಮೂರರ ಮಗುವಿಗೆ ‘ಏಕೆ’ ಎಂಬ ಪ್ರಶ್ನೆ ಕೊಡಿ. ಬೆಳಕಿಲ್ಲದೆ ಎಲೆಹಸಿರು ತಯಾರಾಗದು. ಸಸಿ ಬೆಳಕನ್ನು ಹುಡುಕುತ್ತಾ ಕಾಳಿನಲ್ಲಿ ಕೂಡಿಟ್ಟ ಆಹಾರವನ್ನೆಲ್ಲ ಉದ್ದವಾಗುವುದಕ್ಕೇ ಖರ್ಚುಮಾಡುತ್ತದೆ. ಇದನ್ನು ಅವನೇ ಪುಸ್ತಕದಲ್ಲಿ ಹುಡುಕಿ ತೆಗೆಯಲಿ. ಮುಂದಿನ ಹೆಜ್ಜೆಯಾಗಿ ಗ್ರೆಗರ್ ಮೆಂಡಲರ ಲೆಕ್ಕ ಕೊಡಬಹುದು. ಅಗಸ್ಟೀನಿಯನ್ ಸಭೆಯ ಈ ಗುರು ಬ್ರನೋ ನಗರದ ತಮ್ಮ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಬಟಾಣಿ ಬೆಳೆಸಿದರು. ಅವರ ಒಂದು ಪ್ರಯೋಗದ ಎರಡನೆಯ ಪೀಳಿಗೆಯಲ್ಲಿ 5,474 ಗುಂಡು ಕಾಳು, 1,850 ಸುಕ್ಕು ಕಾಳು ಸಿಕ್ಕವು. ಭಾಗಿಸಿ ನೋಡಿದರೆ 2.96, ಅಂದರೆ ಸುಮಾರು ಮೂರಕ್ಕೆ ಒಂದು. ಅನುವಂಶೀಯತೆಯ ಶಾಸ್ತ್ರಕ್ಕೆ ಇಂಥ ತಾಳ್ಮೆಯ ಎಣಿಕೆಯೇ ಅಡಿಪಾಯ.

ವರ್ಷದ ಯೋಜನೆ

ನಮ್ಮ ಋತುಗಳೇ ಪಠ್ಯಕ್ರಮ ಹಾಕಿಕೊಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್: ಬೀಜ, ಗಿಡ, ಹುಳು, ಮಳೆನೀರು. ಅಕ್ಟೋಬರ್‌ನಿಂದ ಜನವರಿ: ಮೋಡ ಸರಿದ ಆಕಾಶ, ಚಂದ್ರನ ಕಲೆಗಳು, ನಕ್ಷತ್ರಗಳು. ಫೆಬ್ರವರಿಯಿಂದ ಮೇ: ಶಾಖ, ಆವಿ, ಬೆಳಕು, ನೆರಳು. ಬೆಂಗಳೂರು, ಮಂಗಳೂರುಗಳಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಹಗಲಲ್ಲಿ ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಇದಕ್ಕೆ ಕಾಸೂ ಖರ್ಚಿಲ್ಲ.

ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ಸಾಕು. ಮೊದಲ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ; ಆಮೇಲೆ ಚಿಕ್ಕವನು ಆಟಕ್ಕೆ, ಉಳಿದವರು ತಮ್ಮ ತಮ್ಮ ಪುಸ್ತಕಕ್ಕೆ. ಅದೇ ವಿಷಯ ಮೂರು ವರ್ಷದ ಮೇಲೆ ಮತ್ತೆ ಬರಲಿ. ಇಂದು ಚಿತ್ರ ಬರೆದ ಮಗು ಆಗ ಅಳೆಯುತ್ತದೆ, ಅಳೆದ ಮಗು ಕಾರಣ ಕೇಳುತ್ತದೆ.

ಮೂರು ಎಚ್ಚರಿಕೆಗಳು

1. ದೊಡ್ಡ ಮಗುವನ್ನು ಸಂಬಳವಿಲ್ಲದ ಮೇಷ್ಟ್ರನ್ನಾಗಿ ಮಾಡಬೇಡಿ. ತಮ್ಮನಿಗೆ ಹೇಳಿಕೊಡುವುದು ಒಳ್ಳೆಯದೇ. ಆದರೆ ಅವನ ಕಲಿಕೆಯ ಹೊತ್ತನ್ನು ಅದೇ ನುಂಗಬಾರದು.

2. ಹದಿಮೂರು ದಾಟಿದ ಮೇಲೆ ಒಟ್ಟು ಪಾಠವೊಂದೇ ಸಾಲದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಲು ಹದಿನಾಲ್ಕು ವರ್ಷ ತುಂಬಿರಬೇಕು. ಅಲ್ಲಿ ವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಆದುದರಿಂದ ಪಠ್ಯಪುಸ್ತಕವನ್ನು ಕ್ರಮವಾಗಿ ಓದಿಸಿ. ಪ್ರಯೋಗಗಳಿಗೆ ಬಲ್ಲ ಶಿಕ್ಷಕರೊಬ್ಬರ ನೆರವು ಪಡೆಯಿರಿ.

3. ಉತ್ತರ ಗೊತ್ತಿಲ್ಲದಾಗ, “ದೇವರು ಹಾಗೆ ಮಾಡಿದ್ದಾನೆ, ಸುಮ್ಮನಿರು” ಎಂದು ಮಗುವಿನ ಬಾಯಿ ಮುಚ್ಚಿಸಬೇಡಿ. ದೇವರ ಹೆಸರನ್ನು ನಮ್ಮ ಅಜ್ಞಾನಕ್ಕೆ ಮುಸುಕು ಮಾಡಬಾರದು. ಹಾಗೆ ಬೆಳೆದ ಮಗು ಮುಂದೆ ನಿಜವಾದ ಉತ್ತರ ಸಿಕ್ಕ ದಿನ ವಿಶ್ವಾಸ, ವಿಜ್ಞಾನ ಎರಡರಲ್ಲಿ ಒಂದನ್ನು ಬಿಡಬೇಕೆಂದು ಭಾವಿಸೀತು. ಮೆಂಡಲರು ಹಾಗೆ ಭಾವಿಸಲಿಲ್ಲ. ನಮ್ಮ ನಾಡಿನಲ್ಲೇ ಯೇಸುಸಭೆಯ ಗುರು ಸಿಸಿಲ್ ಸಲ್ದಾನರು ಹಾಸನ ಜಿಲ್ಲೆಯ ಸಸ್ಯಗಳನ್ನು ಅಧ್ಯಯನ ಮಾಡಿ, ಡ್ಯಾನ್ ನಿಕೊಲ್ಸನ್ ಎಂಬ ಸಸ್ಯವಿಜ್ಞಾನಿಯೊಡನೆ ಸಂಪಾದಿಸಿದ ಗ್ರಂಥ 1976ರಲ್ಲಿ ಹೊರಬಂತು. ಸೃಷ್ಟಿಯನ್ನು ಪ್ರೀತಿಸುವವನು ಅದರ ಹೆಸರು, ರೀತಿಗಳನ್ನೂ ತಿಳಿಯಬಯಸುತ್ತಾನೆ. “ನನಗೂ ಗೊತ್ತಿಲ್ಲ ಮಗಾ, ಬಾ, ಇಬ್ಬರೂ ಸೇರಿ ನೋಡೋಣ” ಎನ್ನುವ ತಾಯಿ ಮಕ್ಕಳ ಕಣ್ಣಲ್ಲಿ ಚಿಕ್ಕವಳಾಗುವುದಿಲ್ಲ.

ಈ ವಾರ ಮನೆಯಲ್ಲಿ

ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮಕ್ಕಳೊಡನೆ ಹಿತ್ತಲಿಗೋ ರಸ್ತೆಬದಿಗೋ ಹೋಗಿ ಹತ್ತು ಗಿಡಗಳನ್ನು ಗುರುತಿಸಿ. ಚಿಕ್ಕವನು ಬಿದ್ದ ಎಲೆಗಳನ್ನು ಆರಿಸಲಿ, ನಡುವಿನವಳು ಅಂಚು, ನರಗಳನ್ನು ನೋಡಿ ಗುಂಪುಮಾಡಲಿ, ದೊಡ್ಡವನು ಹೆಸರು ಹುಡುಕಿ ಬರೆಯಲಿ. ಎಷ್ಟು ಗಿಡಗಳ ಹೆಸರು ನಿಮಗೇ ಗೊತ್ತಿಲ್ಲ ಎಂಬುದನ್ನೂ ಎಣಿಸಿ. ಮುಂದಿನ ವಾರದ ಪಾಠ ಅಲ್ಲೇ ಸಿದ್ಧವಾಗಿರುತ್ತದೆ.